ಎನ್‌ಇಎಸ್ ಕ್ಲಾಸಿಕ್ ಪೆಟ್ಟಿಗೆ ಬಿಚ್ಚಿದ ಮೇಲೆ: ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಡಿಸೆಂಬರ್‌ನಲ್ಲಿ ಭಾವ ಅಮೆರಿಕದಿಂದ ಬಂದಾಗ ಸೂಟ್‌ಕೇಸಿನಲ್ಲಿ ಚಾಕಲೇಟ್, ಶಾಂಪೂ ನಡುವೆ ಒಂದು ಪುಟ್ಟ ಪೆಟ್ಟಿಗೆಯನ್ನೂ ತಂದಿದ್ದರು. ಅವತ್ತಿನಿಂದ ಅದು ನಮ್ಮ ಟಿವಿ ಕೆಳಗೆ ಕೂತಿದೆ. ಮನೆಗೆ ಬಂದವರು ಕಾಫಿ ಕುಡಿಯುತ್ತಾ ಅದರ ಕಡೆ ನೋಡುತ್ತಾರೆ, ಆಮೇಲೆ ಒಂದೊಂದಾಗಿ ಪ್ರಶ್ನೆ ಶುರುವಾಗುತ್ತದೆ. ಎಲ್ಲರದ್ದೂ ಹೆಚ್ಚುಕಮ್ಮಿ ಅವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ಇದು ಏನು? ಗೊಂಬೆನಾ, ನಿಜವಾದ ವಿಡಿಯೋ ಗೇಮಾ?

ನಿಜವಾದದ್ದೇ. ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ ತನ್ನ ದೇಶದಲ್ಲಿ ಫ್ಯಾಮಿಲಿ ಕಂಪ್ಯೂಟರ್ ಅನ್ನುವ ಆಟದ ಯಂತ್ರ ಬಿಟ್ಟಿತು. ಜನರ ಬಾಯಲ್ಲಿ ಅದು ಫ್ಯಾಮಿಕಾಮ್ ಆಯಿತು. ಅದೇ ಯಂತ್ರ ಬೇರೆ ವೇಷ ಹಾಕಿಕೊಂಡು 1985ರಲ್ಲಿ ಅಮೆರಿಕಕ್ಕೆ ಹೋದಾಗ ಎನ್‌ಇಎಸ್, ಅಂದರೆ ನಿಂಟೆಂಡೊ ಎಂಟರ್‌ಟೈನ್‌ಮೆಂಟ್ ಸಿಸ್ಟಮ್ ಅನ್ನಿಸಿಕೊಂಡಿತು. ಆ ಎನ್‌ಇಎಸ್‌ನ ಕುಳ್ಳ ರೂಪ ಇದು. 2016ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂತು. ಒಳಗೆ 30 ಆಟ ತುಂಬಿಟ್ಟಿದ್ದಾರೆ. ಟಿವಿಗೆ ಸಿಕ್ಕಿಸಿದರೆ ಆಡಬಹುದು, ಅಷ್ಟೇ. ಇಂಟರ್ನೆಟ್ ಬೇಡ, ಅಕೌಂಟ್ ಬೇಡ, ಒಟಿಪಿ ಬೇಡ.

ನಾವು ಚಿಕ್ಕವರಿದ್ದಾಗ ಆಡಿದ್ದು ಇದೇ ಅಲ್ವಾ?

ಹೌದು, ಅಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಊರುಗಳಿಗೆ ಬಂದದ್ದು ಬಹುಪಾಲು ಫ್ಯಾಮಿಕಾಮ್‌ನ ನಕಲುಗಳು. ನಾವು ಅದನ್ನು "ಟಿವಿ ಗೇಮ್" ಅನ್ನುತ್ತಿದ್ದೆವು, ಇಲ್ಲಾಂದರೆ ಬರೀ "ವಿಡಿಯೋ ಗೇಮ್". ಅದರ ತಲೆ ಮೇಲೆ ಹಳದಿ ಕ್ಯಾಸೆಟ್ ಚುಚ್ಚುತ್ತಿದ್ದೆವು. ಕ್ಯಾಸೆಟ್ ಮೇಲೆ "9999 ಇನ್ 1" ಅಂತ ಇರುತ್ತಿತ್ತು. ಪಟ್ಟಿ ಕೆಳಗೆ ಇಳಿಸುತ್ತಾ ಹೋದರೆ ಅವೇ ಆಟಗಳು ಹೆಸರು ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತಿದ್ದವು. ಆ ಮೋಸ ಗೊತ್ತಿದ್ದೂ ಇನ್ನೂ ಒಂದು ಪುಟ ಕೆಳಗೆ ಹೋಗುತ್ತಿದ್ದೆವು.

ಹಾಗಾಗಿ ಈ ಡಬ್ಬಿ ನೋಡಿದಾಗ ನನಗೆ ಒಂಥರಾ ವಿಚಿತ್ರ ಅನ್ನಿಸಿತು. ಎಷ್ಟೋ ವರ್ಷ ಒಬ್ಬ ಗಾಯಕನ ಹಾಡನ್ನು ಆರ್ಕೆಸ್ಟ್ರಾದವರ ಬಾಯಲ್ಲೇ ಕೇಳಿ, ಕೊನೆಗೆ ಆ ಗಾಯಕನನ್ನೇ ಕಂಡ ಹಾಗೆ. ಆಟಗಳು ಪರಿಚಯದವು, ಮುಖ ಮಾತ್ರ ಹೊಸದು. ಇಂಥ ಬೂದು ಡಬ್ಬಿಯನ್ನು ನಾನು ಚಿಕ್ಕಂದಿನಲ್ಲಿ ಕಂಡೇ ಇರಲಿಲ್ಲ.

ಪೆಟ್ಟಿಗೆ ಬಿಚ್ಚಿದಾಗ ಒಳಗೆ ಏನೇನಿತ್ತು?

ಮೇಲೆಯೇ ಆಟದ ಡಬ್ಬಿ. ಅದರ ಜೊತೆ ಒಂದು ಕಂಟ್ರೋಲರ್, ಒಂದು ಎಚ್‌ಡಿಎಂಐ ಕೇಬಲ್, ಕರೆಂಟಿಗೆ ಒಂದು ಯುಎಸ್‌ಬಿ ಕೇಬಲ್, ಅಮೆರಿಕದ ಗೋಡೆಗೆ ಹೊಂದುವ ಅಡಾಪ್ಟರ್, ಒಂದಿಷ್ಟು ಕಾಗದ. ಜಪಾನ್ ಮತ್ತು ಯುರೋಪಿನ ಪೆಟ್ಟಿಗೆಗಳಲ್ಲಿ ಅಡಾಪ್ಟರ್ ಇರುವುದಿಲ್ಲ, ಅಲ್ಲಿನವರು ಬೇರೆ ಕೊಳ್ಳಬೇಕು.

ಡಬ್ಬಿ ಅಂಗೈ ಮೇಲೆ ಕೂರುತ್ತದೆ. ಮೇಲೆ ತಿಳಿ ಬೂದು, ಕೆಳಗೆ ಗಾಢ ಬೂದು, ಮುಂದೆ ಒಂದು ಕಪ್ಪು ಪಟ್ಟಿ. ಪವರ್, ರಿಸೆಟ್ ಅಂತ ಎರಡು ಬಟನ್. ಪವರ್ ಒತ್ತಿದರೆ "ಟಕ್" ಅಂತ ಒಳಗೆ ಹೋಗಿ ಅಲ್ಲೇ ನಿಲ್ಲುತ್ತದೆ, ಮತ್ತೆ ಒತ್ತಿದರೆ ಹೊರಗೆ ಬರುತ್ತದೆ. ಪಕ್ಕದಲ್ಲಿ ಒಂದು ಕೆಂಪು ದೀಪ. ಟಿವಿಗೆ ಜೋಡಿಸುವ ಮೊದಲೇ ನಾನೂ ಭಾವನೂ ಸುಮ್ನೆ ಐದಾರು ಸಲ ಟಕ್ ಟಕ್ ಮಾಡಿ ನೋಡಿದೆವು. ಅಡುಗೆಮನೆಯಿಂದ ಅಕ್ಕ "ತಂದ ದಿನವೇ ಮುರೀಬೇಡಿ" ಅಂದಳು.

ಹಿಡಿದರೆ ತೂಕವೇ ಇಲ್ಲ, ಖಾಲಿ ಟಿಫಿನ್ ಡಬ್ಬಿಯ ಹಾಗೆ. ಮೊದಲು ಸ್ವಲ್ಪ ನಿರಾಸೆ ಆಯಿತು ನಿಜ. ಆದರೆ ಪ್ಲಾಸ್ಟಿಕ್ ಚೆನ್ನಾಗಿದೆ. ಅಂಚುಗಳು ಕೂಡುವಲ್ಲಿ ಸಂದಿ ಇಲ್ಲ. ಮೈ ಸ್ವಲ್ಪ ತರಿತರಿ, ಬೆರಳಚ್ಚು ಮೂಡುವುದಿಲ್ಲ.

ಮುಂದಿನ ಮುಚ್ಚಳ ತೆಗೆದು ಕ್ಯಾಸೆಟ್ ಹಾಕಬಹುದಾ?

ಆಗುವುದಿಲ್ಲ. ಅದು ಮುಚ್ಚಳವೇ ಅಲ್ಲ, ಮುಚ್ಚಳದ ಹಾಗೆ ಗೆರೆ ಕೊರೆದಿದ್ದಾರೆ. ನಾನು ಉಗುರು ಹಾಕಿ ಎತ್ತಲು ನೋಡಿದ್ದೇನೆ, ನೀವು ಆ ಕಷ್ಟ ತಗೋಬೇಡಿ.

ಇನ್ನೊಂದು ವಿಷಯ. ನಮ್ಮ ಮನೆಗಳ ಅಟ್ಟದ ಮೇಲಿರುವ ಹಳದಿ ಕ್ಯಾಸೆಟ್ ದೊಡ್ಡ ಎನ್‌ಇಎಸ್‌ಗೂ ಹಿಡಿಸುವುದಿಲ್ಲ. ಅವು ಜಪಾನಿನ ಅಳತೆಯವು, 60 ಪಿನ್. ಅಮೆರಿಕದ ಎನ್‌ಇಎಸ್‌ನದ್ದು 72 ಪಿನ್. ಕ್ಯಾಸೆಟ್ ಊದುವ ಚಾಳಿ ಮಾತ್ರ ಎರಡೂ ಕಡೆ ಒಂದೇ. ಆಟ ಬರಲಿಲ್ಲ ಅಂದರೆ ತೆಗೆದು ಊದು, ಮತ್ತೆ ಹಾಕು. ಊದಿದ್ದರಿಂದ ಸರಿಹೋಗುತ್ತಿತ್ತು ಅಂತ ನಾವು ನಂಬಿದ್ದೆವು. ತೆಗೆದು ಮತ್ತೆ ಹಾಕಿದಾಗ ಪಿನ್ನುಗಳು ಹೊಸದಾಗಿ ತಾಗುತ್ತವಲ್ಲ, ಕೆಲಸ ಮಾಡುತ್ತಿದ್ದದ್ದು ಅದು. ಉಸಿರಿನ ತೇವದಿಂದ ಪಿನ್ನಿಗೆ ತುಕ್ಕು ಹಿಡಿಯುವುದು ಮಾತ್ರ ನಮ್ಮ ಕೊಡುಗೆ.

ನಮ್ಮ ಮನೆಯ ಪ್ಲಗ್‌ಗೆ ಹಾಕಬಹುದಾ?

ಜೊತೆಗೆ ಬಂದ ಅಡಾಪ್ಟರ್ ಪಕ್ಕಕ್ಕಿಡಿ. ಅದು ಅಮೆರಿಕದ ಮನೆಗಳಿಗೆ ಮಾಡಿದ್ದು, ಅಲ್ಲಿ ಇರುವುದು 120 ವೋಲ್ಟ್. ನಮ್ಮಲ್ಲಿ 230. ಡಬ್ಬಿಗೆ ಬೇಕಾಗಿರುವುದು 5 ವೋಲ್ಟ್, 1 ಆಂಪಿಯರ್. ಅಂದರೆ ಮನೆಯಲ್ಲಿರುವ ಹಳೇ ಮೊಬೈಲ್ ಚಾರ್ಜರ್ ಸಾಕು. ನಾನು ಹಾಗೇ ಮಾಡಿದ್ದೇನೆ, ಇವತ್ತಿಗೂ ತೊಂದರೆ ಇಲ್ಲ.

ಟಿವಿಗೆ ಜೋಡಿಸುವುದು ಕಷ್ಟನಾ?

ಎರಡು ವೈರು, ಎರಡು ನಿಮಿಷ. ಹಳೆಯ ಕಥೆ ನೆನಪಿದೆ ಅಲ್ವಾ? ಆಂಟೆನಾ ವೈರು ಕಿತ್ತು, ಟಿವಿ ಗೇಮಿನ ವೈರು ಚುಚ್ಚಿ, ಚಾನೆಲ್ ಟ್ಯೂನ್ ಮಾಡುವ ಚಿಕ್ಕ ಗಾಲಿಯನ್ನು ಉಗುರಿನಲ್ಲಿ ಕೂದಲೆಳೆಯಷ್ಟು ತಿರುಗಿಸಬೇಕು. ಬಣ್ಣ ಬಂದರೆ ಸದ್ದಿಲ್ಲ, ಸದ್ದು ಬಂದರೆ ಬಣ್ಣವಿಲ್ಲ. ಅಷ್ಟರಲ್ಲಿ ಅಪ್ಪ ವಾರ್ತೆ ಕೇಳಲು ಬಂದು ನಿಲ್ಲುತ್ತಿದ್ದರು. ಎಲ್ಲ ಕಿತ್ತು ಮತ್ತೆ ಆಂಟೆನಾ!

ಇದರಲ್ಲಿ ಹಾಗೇನಿಲ್ಲ. ಆನ್ ಮಾಡಿದ ಕೂಡಲೇ ಭಾಷೆ ಯಾವುದು ಅಂತ ಕೇಳುತ್ತದೆ. ಕನ್ನಡ ಇಲ್ಲ, ಇರುತ್ತದೆ ಅಂತ ನಾನೂ ಅಂದುಕೊಂಡಿರಲಿಲ್ಲ. ಆಮೇಲೆ 30 ಆಟದ ಡಬ್ಬಿಗಳ ಚಿತ್ರ ಅಡ್ಡಸಾಲಿನಲ್ಲಿ ನಿಲ್ಲುತ್ತವೆ. ಹಿಂದೆ ಒಂದು ಪುಟ್ಟ ಟೂಂ ಟೂಂ ಸಂಗೀತ. ಯಾವ ಆಟ ಆಡಲಿ ಅಂತ ಯೋಚಿಸುವ ನೆಪದಲ್ಲಿ ಅದನ್ನೇ ಕೇಳುತ್ತಾ ಕೂರಬಹುದು. ನಮ್ಮ ಭಾವ ಇವತ್ತಿಗೂ ಅದನ್ನು ಗುನುಗುತ್ತಾರೆ.

ಚಿತ್ರ ದೊಡ್ಡ ಟಿವಿಯಲ್ಲಿ ಹೇಗೆ ಕಾಣುತ್ತದೆ?

ನಾನು ಹೆದರಿದ್ದು ಇದಕ್ಕೇ. ಹಳೇ ಆಟವನ್ನು ಹೊಸ ಟಿವಿಯಲ್ಲಿ ಹಾಕಿದರೆ ಸಾಮಾನ್ಯವಾಗಿ ಎಲ್ಲ ಕಲಸಿದ ರಂಗೋಲಿಯ ಹಾಗೆ ಆಗುತ್ತದೆ. ಇಲ್ಲಿ ಆಗಿಲ್ಲ. ಎನ್‌ಇಎಸ್ ಆಟದ ಚಿತ್ರ ಅಂದರೆ 256 ಚುಕ್ಕಿ ಅಗಲ, 240 ಚುಕ್ಕಿ ಎತ್ತರ, ಅಷ್ಟೇ. ಅದನ್ನು 720ಪಿ ಅಳತೆಗೆ ಹಿಗ್ಗಿಸಿ ಕಳಿಸುತ್ತದೆ. ಅಂಚು ಹರಿತ, ಬಣ್ಣ ಗಟ್ಟಿ.

ನೋಡುವ ಬಗೆ ಮೂರು. ಒಂದರಲ್ಲಿ ಪ್ರತಿ ಚುಕ್ಕಿಯೂ ಸರಿಯಾದ ಚೌಕ. ಇನ್ನೊಂದರಲ್ಲಿ ಹಳೇ ಟಿವಿಯ 4:3 ಅಳತೆ, ಸ್ವಲ್ಪ ಅಗಲ ಜಾಸ್ತಿ. ಮೂರನೆಯದು ಹಳೇ ಡುಬ್ಬ ಟಿವಿಯ ವೇಷ. ಸಣ್ಣ ಅಡ್ಡಗೆರೆಗಳು, ಒಂಚೂರು ಮಬ್ಬು. ಮೊದಲ ದಿನ ನಾನು ಈ ಮೂರನೆಯದನ್ನೇ ಹಾಕಿ "ಆಹಾ" ಅಂದೆ. ಮೂರನೇ ದಿನಕ್ಕೆ 4:3ಕ್ಕೆ ಬಂದೆ, ಈಗಲೂ ಅದರಲ್ಲೇ ಇದ್ದೇನೆ. ಮಾರಿಯೋ ನನ್ನ ನೆನಪಿನಲ್ಲಿದ್ದಷ್ಟೇ ದಪ್ಪ ಕಾಣುವುದು ಅದರಲ್ಲಿ. ಚೌಕದ ಬಗೆಯಲ್ಲಿ ಅವನು ಒಂದು ಸುತ್ತು ಇಳಿದಿರುತ್ತಾನೆ.

ಎಡಬಲ ಕಪ್ಪು ಜಾಗ ಉಳಿಯುತ್ತದೆ. ಅದು ಇರಲಿ, ಟಿವಿ ರಿಮೋಟ್ ತಗೊಂಡು ಅಗಲಕ್ಕೆ ಎಳೆಯಬೇಡಿ. ಟಿವಿಯಲ್ಲಿ ಗೇಮ್ ಮೋಡ್ ಅಂತ ಇದ್ದರೆ ಆನ್ ಮಾಡಿ. ಇಲ್ಲಾಂದರೆ ಬಟನ್ ಒತ್ತಿ ಒಂದು ಕ್ಷಣ ಆದ ಮೇಲೆ ಮಾರಿಯೋ ಹಾರುತ್ತಾನೆ. ಅಷ್ಟು ಹೊತ್ತಿಗೆ ಅವನು ಹಳ್ಳದಲ್ಲಿರುತ್ತಾನೆ.

ಕಂಟ್ರೋಲರ್ ವೈರು ಅಷ್ಟು ಚಿಕ್ಕದಾ?

ಅಷ್ಟೇ ಚಿಕ್ಕದು. ಮುಕ್ಕಾಲು ಮೀಟರ್ ಇದ್ದರೆ ಹೆಚ್ಚು. ಈ ಡಬ್ಬಿಯ ದೊಡ್ಡ ದೋಷ ಅಂದರೆ ಇದೇ. ಸೋಫಾದಲ್ಲಿ ಕೂತು ಆಡುವ ಮಾತೇ ಇಲ್ಲ. ಟಿವಿ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಬೇಕು, ಕತ್ತು ಮೇಲೆತ್ತಿ ನೋಡಬೇಕು. ಚಿಕ್ಕಂದಿನಲ್ಲಿ ಹಾಗೇ ಕೂರುತ್ತಿದ್ದೆವು ಅನ್ನುವುದು ನಿಜ. ಆಗ ಟಿವಿ 20 ಇಂಚು, ನನ್ನ ಸೊಂಟಕ್ಕೆ ಹತ್ತು ವರ್ಷ.

ಇದರ ಜೊತೆ ಇನ್ನೊಂದು ಕಿರಿಕಿರಿ ಇದೆ. ಆಟ ನಡುವೆ ಬಿಟ್ಟು ಪಟ್ಟಿಗೆ ಹೋಗಬೇಕಾದರೆ ಕಂಟ್ರೋಲರ್‌ನಲ್ಲಿ ಬಟನ್ ಇಲ್ಲ. ಡಬ್ಬಿಯ ರಿಸೆಟ್ ಬಟನ್ನನ್ನೇ ಒತ್ತಬೇಕು. ಅದಕ್ಕೇ ವೈರು ಚಿಕ್ಕದಿಟ್ಟರು, ಡಬ್ಬಿ ಕೈಗೆ ಸಿಗಲಿ ಅಂತ, ಅನ್ನುವವರೂ ಇದ್ದಾರೆ. ನನಗೆ ಅದು ಸಮಜಾಯಿಷಿಯ ಹಾಗೆ ಕೇಳುತ್ತದೆ.

ನಾನು ಎಚ್‌ಡಿಎಂಐ ಕೇಬಲ್ ಉದ್ದದ್ದು ಕೊಂಡು ಡಬ್ಬಿಯನ್ನೇ ಸೋಫಾ ಪಕ್ಕದ ಸ್ಟೂಲಿಗೆ ತಂದುಕೊಂಡೆ. ಇದು ಒಳ್ಳೆಯ ದಾರಿ. ಅದಕ್ಕೂ ಮೊದಲು ಆನ್‌ಲೈನಿನಲ್ಲಿ ಕಂಟ್ರೋಲರ್ ವೈರಿಗೆ ಒಂದು ಅಗ್ಗದ ಎಕ್ಸ್‌ಟೆನ್ಷನ್ ತರಿಸಿದ್ದೆ. ಅದರ ಮೂತಿ ಸಡಿಲ. ಸ್ವಲ್ಪ ಜಗ್ಗಿದರೂ ಸಂಪರ್ಕ ತಪ್ಪುತ್ತಿತ್ತು. ಎಂಟನೇ ಲೋಕದಲ್ಲಿ ಹಾರುತ್ತಿದ್ದ ಮಾರಿಯೋ ಗಾಳಿಯಲ್ಲೇ ಕೈಬಿಟ್ಟ. ವಾಪಸ್ ಕಳಿಸುವ ಗಡುವು ಮುಗಿದಿತ್ತು. ಈಗ ಅದು ಡ್ರಾಯರಿನಲ್ಲಿದೆ.

ಕಂಟ್ರೋಲರ್ ಕೈಗೆ ಹೇಗಿದೆ?

ಡಬ್ಬಿ ಕುಳ್ಳ ಆದರೂ ಕಂಟ್ರೋಲರ್ ಪೂರ್ತಿ ಅಳತೆಯದು, ಹಳೆಯದರಷ್ಟೇ ದೊಡ್ಡದು. ಉದ್ದ ಚೌಕ, ನಾಲ್ಕು ಮೂಲೆಯೂ ಚೂಪು. ಒಂದು ಗಂಟೆ ಆಡಿದರೆ ಅಂಗೈಯಲ್ಲಿ ಮೂಲೆಯ ಗುರುತು ಬೀಳುತ್ತದೆ. ಎಡಕ್ಕೆ ಪ್ಲಸ್ ಆಕಾರದ ಬಟನ್. ಇದನ್ನು ಮೊದಲು ರೂಪಿಸಿದವರು ನಿಂಟೆಂಡೊದ ಗುನ್‌ಪೇ ಯೊಕೊಯ್. ನಂತರ ಬಂದ ಹೆಚ್ಚುಕಮ್ಮಿ ಎಲ್ಲ ಕಂಪನಿಗಳ ಕಂಟ್ರೋಲರ್‌ನಲ್ಲೂ ಅದರ ಒಂದು ರೂಪ ಇದೆ. ಹೆಬ್ಬೆರಳು ಅದರ ಮೇಲಿಟ್ಟು ಹೊರಳಿಸಿದರೆ ಸಾಕು, ಕಣ್ಣು ಟಿವಿಯಿಂದ ತೆಗೆಯಬೇಕಾಗಿಲ್ಲ.

ಬಲಕ್ಕೆ ಎರಡೇ ಕೆಂಪು ಬಟನ್, ಬಿ ಮತ್ತು ಎ. ನಮಗೆ ಇಲ್ಲಿ ಒಂದು ಶಾಕ್ ಕಾದಿದೆ. ಟರ್ಬೊ ಇಲ್ಲ! ನಮ್ಮ ನಕಲಿ ಡಬ್ಬಿಗಳ ಕಂಟ್ರೋಲರ್‌ನಲ್ಲಿ ನಾಲ್ಕು ಬಟನ್ ಇರುತ್ತಿತ್ತಲ್ಲ, ಮೇಲಿನ ಎರಡು ಒತ್ತಿ ಹಿಡಿದರೆ ಗುಂಡು ಒಂದೇ ಸಮನೆ ಸುರಿಯುತ್ತಿತ್ತು. ಅಸಲಿಯಲ್ಲಿ ಪ್ರತಿ ಗುಂಡಿಗೂ ಒಂದು ಸಲ ಒತ್ತಬೇಕು. ಮೊದಲ ವಾರ ನನ್ನ ಹೆಬ್ಬೆರಳು ನೊಂದಿತು. ನಾನು ಈ ಆಟಗಳಲ್ಲಿ ಹುಲಿ ಅಂದುಕೊಂಡಿದ್ದೆ. ಹುಲಿ ಆಗಿದ್ದು ಟರ್ಬೊ ಬಟನ್.

ಇನ್ನೊಂದು ಕಂಟ್ರೋಲರ್ ಬೇರೆ ಕೊಳ್ಳಬೇಕು. ಇಬ್ಬರು ಆಡುವ ಆಟ ಇಷ್ಟಿಟ್ಟು ಒಂದೇ ಕಂಟ್ರೋಲರ್ ಕೊಟ್ಟದ್ದು ಜುಗ್ಗತನ.

ಕಾಂಟ್ರಾ ಇದೆಯಾ?

ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಕೇಳುವ ಪ್ರಶ್ನೆ. ಇಲ್ಲ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಓಡುತ್ತಾ ಗುಂಡು ಹಾರಿಸುವ ಆ ಕಾಂಟ್ರಾ ಇಲ್ಲ, ಅದರ ಮುಂದಿನ ಭಾಗ ಸೂಪರ್ ಸಿ ಇದೆ.

ಸೂಪರ್ ಸಿ ಕೆಟ್ಟ ಆಟವಲ್ಲ. ಅದೇ ಇಬ್ಬರು ಸಿಪಾಯಿಗಳು, ಅದೇ ಹಾರುತ್ತಾ ಪಲ್ಟಿ ಹೊಡೆಯುವ ಚಂದ, ಅದೇ ಕಾಲೆಳೆಯುವ ಜಗಳ: ಮೇಲೇರುವ ಹಂತದಲ್ಲಿ ಒಬ್ಬ ಬೇಗ ಹತ್ತಿದರೆ ಪರದೆ ಸರಿದು ಕೆಳಗೆ ಉಳಿದವನು ಸಾಯುತ್ತಾನೆ. ಆದರೆ ನಮ್ಮ ಕೈಬೆರಳಿಗೆ ಅದರ ದಾರಿ ಗೊತ್ತಿಲ್ಲ. ಮೊದಲ ಕಾಂಟ್ರಾದಲ್ಲಿ ಸೇತುವೆ ಎಲ್ಲಿ ಸಿಡಿಯುತ್ತದೆ, ಎಸ್ ಅಕ್ಷರದ ಗನ್ ಎಲ್ಲಿ ಸಿಗುತ್ತದೆ ಅನ್ನುವುದು ಕಣ್ಣು ಮುಚ್ಚಿದರೂ ಬರುತ್ತದೆ. ಇಲ್ಲಿ ಎಲ್ಲ ಹೊಸದಾಗಿ ಕಲಿಯಬೇಕು.

ಮೊದಲ ದಿನ ಭಾವ ಕಂಟ್ರೋಲರ್ ಕಸಿದುಕೊಂಡು "ತಡಿ, ನಂಗೊತ್ತು" ಅಂತ ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ ಒತ್ತಿದರು. ಕಾಂಟ್ರಾದಲ್ಲಿ 30 ಪ್ರಾಣ ಕೊಡುತ್ತಿದ್ದ ಮಂತ್ರ ಅದು. ಏನೂ ಆಗಲಿಲ್ಲ. ಮೂರು ಸಲ ಒತ್ತಿದರು. ಸೂಪರ್ ಸಿಯ ಮಂತ್ರವೇ ಬೇರೆ: ಬಲ, ಎಡ, ಕೆಳಗೆ, ಮೇಲೆ, ಎ, ಬಿ, ಆಮೇಲೆ ಸ್ಟಾರ್ಟ್. ಶುರುವಿನ ಹೆಸರಿನ ಪರದೆಯಲ್ಲೇ ಒತ್ತಬೇಕು. ಸಿಗುವುದು 10 ಪ್ರಾಣ ಮಾತ್ರ. ಅದನ್ನು ಹೇಳಿದಾಗ ಭಾವ "ಹತ್ತಾ? ಹತ್ತು ಯಾತಕ್ಕೆ ಸಾಲುತ್ತೆ?" ಅಂದರು. ಸಾಲಲಿಲ್ಲ.

ಬಾತುಕೋಳಿ ಹೊಡೆಯುವ ಆಟ?

ಡಕ್ ಹಂಟ್ ಇಲ್ಲ. ಇದಕ್ಕೆ ಒಳ್ಳೆಯ ಕಾರಣವಿದೆ, ಅದು ನನಗೆ ತುಂಬಾ ಇಷ್ಟವಾದ ಕಾರಣ.

ಆ ಆಟವನ್ನು ಟಿವಿಗೆ ಪ್ಲಾಸ್ಟಿಕ್ ಗನ್ ಗುರಿಯಿಟ್ಟು ಆಡುತ್ತಿದ್ದೆವು. ಆ ಗನ್ನಿನಿಂದ ಟಿವಿಗೆ ಏನೂ ಹೋಗುತ್ತಿರಲಿಲ್ಲ. ಗನ್ನಿನ ಮೂತಿಯಲ್ಲಿದ್ದದ್ದು ಬೆಳಕು ಗುರುತಿಸುವ ಒಂದು ಕಣ್ಣು. ಟ್ರಿಗರ್ ಎಳೆದಾಗ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಗನ್ನಿನ ಕಣ್ಣಿಗೆ ಮೊದಲು ಕತ್ತಲು, ಆಮೇಲೆ ಬೆಳಕು ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಎರಡು ಬಾತುಕೋಳಿ ಇದ್ದರೆ ಎರಡು ಚೌಕ, ಒಂದಾದ ಮೇಲೆ ಒಂದು. ಮೊದಲು ಕಪ್ಪು ಮಾಡುವುದು ಯಾಕೆ? ಟ್ಯೂಬ್‌ಲೈಟಿಗೋ ಬಲ್ಬಿಗೋ ಗುರಿಯಿಟ್ಟು ಮೋಸ ಮಾಡುವವರನ್ನು ಹಿಡಿಯಲು.

ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆಯುತ್ತದೆ. ಹಳೇ ಟಿವಿಯಲ್ಲಿ ಚಿತ್ರ ಬಂದ ಕ್ಷಣವೇ ಪರದೆಯ ಮೇಲೆ ಮೂಡುತ್ತಿತ್ತು. ಈಗಿನ ಎಲ್‌ಸಿಡಿ ಟಿವಿ ಚಿತ್ರವನ್ನು ತಗೊಂಡು, ಅಚ್ಚುಕಟ್ಟು ಮಾಡಿ, ಆಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಗನ್ನು ನೋಡುವ ಗಳಿಗೆ ಕಳೆದಿರುತ್ತದೆ. ಗನ್ನಿನ ಕಣ್ಣಿಗೆ ಬರೀ ಕತ್ತಲು. ನೀವು ಎಷ್ಟೇ ಸರಿಯಾಗಿ ಹೊಡೆದರೂ ಆಟದೊಳಗಿನ ಆ ಬೇಟೆನಾಯಿ ಎದ್ದು ನಿಂತು ಕಿಸಿಕಿಸಿ ನಗುತ್ತದೆ.

ಮತ್ತೆ ಯಾವ ಆಟಗಳಿವೆ?

ನಮ್ಮವರಿಗೆ ಪರಿಚಯ ಇರುವವು: ಸೂಪರ್ ಮಾರಿಯೋ ಬ್ರದರ್ಸ್, ಮಾರಿಯೋ ಬ್ರದರ್ಸ್, ಡಾಂಕಿ ಕಾಂಗ್, ಡಾಂಕಿ ಕಾಂಗ್ ಜೂನಿಯರ್, ಪ್ಯಾಕ್‌ಮ್ಯಾನ್, ಗ್ಯಾಲಗ, ಐಸ್ ಕ್ಲೈಂಬರ್, ಬಲೂನ್ ಫೈಟ್, ಬೈಕಿನ ಆಟ ಎಕ್ಸೈಟ್‌ಬೈಕ್. ಹಳದಿ ಕ್ಯಾಸೆಟ್ಟಿನ ಮೊದಲ ಪುಟದ ಸದಸ್ಯರು ಇವರೆಲ್ಲ.

ಆದರೆ ಟ್ಯಾಂಕ್ ಗೇಮ್ ಇಲ್ಲ, ಅಂದರೆ ಬ್ಯಾಟಲ್ ಸಿಟಿ. ರೋಡ್ ಫೈಟರ್ ಇಲ್ಲ. ಸರ್ಕಸ್ ಚಾರ್ಲಿ ಇಲ್ಲ. ಟ್ಯಾಂಕ್ ಗೇಮ್ ಅಮೆರಿಕದ ಎನ್‌ಇಎಸ್‌ಗೆ ಬಂದೇ ಇರಲಿಲ್ಲ. ಅಲ್ಲಿನ ಹುಡುಗರಿಗೆ ಗೊತ್ತಿಲ್ಲದ ಆಟಗಳನ್ನು ನಮ್ಮೂರಿನ ಹುಡುಗರು ಅರೆದು ಕುಡಿದಿದ್ದರು. ನಕಲಿಯಿಂದ ನಮಗಾದ ಲಾಭ ಅದು.

ನಾವು ಆಗ ಆಡದೇ ಇದ್ದವೂ ಇಲ್ಲಿ ಬೇಕಾದಷ್ಟಿವೆ. ದಿ ಲೆಜೆಂಡ್ ಆಫ್ ಜೆಲ್ಡಾ, ಮೆಟ್ರಾಯ್ಡ್, ಫೈನಲ್ ಫ್ಯಾಂಟಸಿ. ಇವು ವಾರಗಟ್ಟಲೆ ಆಡುವ ಆಟಗಳು. ಗಂಟೆಗಿಷ್ಟು ದುಡ್ಡು ಕೊಟ್ಟು ಪಕ್ಕದ ಬೀದಿಯ ಅಂಗಡಿಯಲ್ಲಿ ಆಡುತ್ತಿದ್ದವರಿಗೆ ಅವು ಹೇಳಿ ಮಾಡಿಸಿದ್ದಲ್ಲ. ನಾನು ಜೆಲ್ಡಾ ಮೊದಲ ಸಲ ಆಡಿದ್ದು ಇದರಲ್ಲೇ. ಕೈಗೆ ಒಂದು ಕತ್ತಿ ಕೊಟ್ಟು ಹೋಗು ಅನ್ನುತ್ತದೆ, ಎಲ್ಲಿಗೆ ಅಂತ ಹೇಳುವುದಿಲ್ಲ. ಒಂದು ನೋಟ್‌ಬುಕ್ ತಗೊಂಡು ನಕ್ಷೆ ಬರೆಯಬೇಕಾಯಿತು. ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು ಅದು, ಸೂಪರ್ ಮಾರಿಯೋ ಬ್ರದರ್ಸ್ 3 ಆಮೇಲೆ. ಅಮೆರಿಕದ ಫುಟ್‌ಬಾಲ್ ಆಟ ಟೆಕ್ಮೊ ಬೌಲ್ ಒಂದು ಸಲ ತೆಗೆದು ನೋಡಿದೆ. ನಿಯಮ ಗೊತ್ತಿಲ್ಲದವರಿಗೆ ಅದು ಗುದ್ದಾಟದ ಹಾಗೆ ಕಾಣುತ್ತದೆ.

ಜಪಾನಿನ ಡಬ್ಬಿ ತಗೊಳ್ಳಲಾ, ಅಮೆರಿಕದ್ದಾ?

ಜಪಾನಿನದ್ದು ಕೆಂಪು ಬಿಳಿ ಬಣ್ಣದ ಫ್ಯಾಮಿಕಾಮ್ ರೂಪದಲ್ಲಿದೆ. ನಮ್ಮ ನಕಲಿ ಡಬ್ಬಿಗಳ ನಿಜವಾದ ತಾತ ಅವನೇ, ನೋಡಲೂ ಚಂದ. ಎರಡು ಕಂಟ್ರೋಲರ್ ಇರುತ್ತವೆ. ಆದರೆ ಡಬ್ಬಿ ಕುಗ್ಗಿಸಿದ ಹಾಗೆ ಅವನ್ನೂ ಕುಗ್ಗಿಸಿದ್ದಾರೆ. ದೊಡ್ಡವರ ಕೈಗೆ ಬೆಂಕಿಪೊಟ್ಟಣ ಹಿಡಿದಂತಾಗುತ್ತದೆ. ವೈರನ್ನು ಡಬ್ಬಿಯಿಂದ ಬಿಡಿಸಲೂ ಆಗುವುದಿಲ್ಲ. ಎರಡರಲ್ಲೂ 22 ಆಟ ಒಂದೇ, 8 ಬೇರೆ. ಕುಂಗ್‌ಫು ಆಟ ಯೀ ಆರ್ ಕುಂಗ್‌ಫು ಬೇಕಿದ್ದರೆ ಅದು ಜಪಾನಿನದರಲ್ಲಿ ಮಾತ್ರ. ಆಟದ ಪಟ್ಟಿಯ ಅಕ್ಷರವೆಲ್ಲ ಜಪಾನಿ. ಆಡಲು ಅಮೆರಿಕದ್ದು, ಶೋಕೇಸಿಗೆ ಜಪಾನಿನದ್ದು.

ನಡುವೆ ಕರೆಂಟ್ ಹೋದರೆ? ಆಟ ಸೇವ್ ಆಗುತ್ತಾ?

ರಿಸೆಟ್ ಒತ್ತಿದರೆ ಆಟ ಇದ್ದಲ್ಲೇ ನಿಂತು ಒಂದು ಚಿಕ್ಕ ಚಿತ್ರವಾಗುತ್ತದೆ. ಕೆಳಗಿನ ಬಟನ್ ಒತ್ತಿ ಅದನ್ನು ಒಂದು ಖಾನೆಗೆ ಇಳಿಸಬೇಕು. ಪ್ರತಿ ಆಟಕ್ಕೂ ಇಂಥ ನಾಲ್ಕು ಖಾನೆ. ನಾಳೆ ಬಂದು ಅಲ್ಲಿಂದಲೇ ಮುಂದುವರಿಸಬಹುದು. ಇಳಿಸುವ ಮೊದಲೇ ಕರೆಂಟ್ ಹೋದರೆ ಹೋಯಿತು. ನಮ್ಮೂರಿನಲ್ಲಿ ಅದು ದೊಡ್ಡ ವಿಷಯ, ಹಾಗಾಗಿ ಆಗಾಗ ಇಳಿಸುತ್ತಾ ಇರಿ.

ಹಳ್ಳ ದಾಟುವ ಮುನ್ನ ಪ್ರತಿ ಸಲ ಹೀಗೆ ಉಳಿಸಿಕೊಂಡು ಆಡಿದರೆ ಅದು ಆಟನಾ ಅಂತ ಅಕ್ಕನ ಮಗ ಕೇಳಿದ. ನನಗೆ ವಯಸ್ಸಾಗಿದೆ, ಕೆಲಸಕ್ಕೆ ಹೋಗಬೇಕು ಅಂತ ಹೇಳಿದೆ.

ಒಳಗೆ ಏನಿದೆ? ಹಳೇ ಚಿಪ್ಪೇನಾ?

ಅಲ್ಲ. ಒಳಗೆ ಇರುವುದು ಒಂದು ಪುಟ್ಟ ಲಿನಕ್ಸ್ ಕಂಪ್ಯೂಟರ್. ಆಲ್‌ವಿನ್ನರ್ ಆರ್16 ಚಿಪ್, 256 ಎಂಬಿ ರ್‍ಯಾಮ್, 512 ಎಂಬಿ ಜಾಗ. ಹಳೇ ಎನ್‌ಇಎಸ್‌ನಲ್ಲಿ ಕೆಲಸಕ್ಕೆ ಇದ್ದ ರ್‍ಯಾಮ್ 2 ಕೆಬಿ. ಮೊದಲ ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಸೇರಿದರೆ 40 ಕೆಬಿ. ಬೆಳಗ್ಗೆ ಫ್ಯಾಮಿಲಿ ಗ್ರೂಪಿಗೆ ಬರುವ ಒಂದು ಶುಭೋದಯದ ಚಿತ್ರ ಅದಕ್ಕಿಂತ ದೊಡ್ಡದಿರುತ್ತದೆ. ಜಾಗ ಉಳಿಸಲು ಏನೆಲ್ಲ ಮಾಡಿದ್ದಾರೆ ನೋಡಿ: ಆ ಆಟದ ಮೋಡಗಳೂ ಪೊದೆಗಳೂ ಒಂದೇ ಚಿತ್ರ. ಬಿಳಿ ಬಳಿದರೆ ಮೋಡ, ಹಸಿರು ಬಳಿದರೆ ಪೊದೆ. ಒಂದು ಸಲ ಗೊತ್ತಾದ ಮೇಲೆ ಅದನ್ನು ಕಾಣದೇ ಇರಲು ಆಗುವುದಿಲ್ಲ.

ಹಳೇ ಯಂತ್ರದ ಹಾಗೆ ನಟಿಸುವ ತಂತ್ರಾಂಶ ಬರೆದದ್ದು ಪ್ಯಾರಿಸ್‌ನಲ್ಲಿರುವ ನಿಂಟೆಂಡೊದ್ದೇ ತಂಡ. ಒಳಗೆ ಇಣುಕುವವರಿಗೆ ಅಂತ ಒಂದು ಚೀಟಿ ಬೇರೆ ಬಿಟ್ಟಿದ್ದಾರೆ. ತುಂಬಾ ಕಷ್ಟಪಟ್ಟು ಮಾಡಿದ್ದೇವೆ, ಜಾಗ ಚೊಕ್ಕಟವಾಗಿಡಿ, ಎಲ್ಲ ಒಡೆದು ಹಾಕಬೇಡಿ ಅನ್ನುವ ಅರ್ಥದ ಮಾತು. ಕೆಳಗೆ ರುಜು, ಹನಾಫುದ ಕ್ಯಾಪ್ಟನ್ ಅಂತ. ಹನಾಫುದ ಅಂದರೆ ಹೂವಿನ ಚಿತ್ರದ ಇಸ್ಪೀಟೆಲೆ. 1889ರಲ್ಲಿ ಕ್ಯೋಟೋದಲ್ಲಿ ನಿಂಟೆಂಡೊ ಶುರುವಾದದ್ದೇ ಆ ಎಲೆಗಳನ್ನು ಮಾಡಲು.

ಬೇರೆ ಆಟ ತುಂಬಬಹುದಾ?

ಕಂಪನಿ ಅದಕ್ಕೆ ದಾರಿ ಇಟ್ಟಿಲ್ಲ. ಆದರೆ ಬಂದು ಎರಡೇ ತಿಂಗಳಿಗೆ, 2017ರ ಜನವರಿಯಲ್ಲಿ, ಜನ ಕಂಪ್ಯೂಟರಿಗೆ ಜೋಡಿಸಿ ತುಂಬಿಸಿದ್ದರು. ಇಂಟರ್ನೆಟ್ಟಿನಲ್ಲಿ ಸಿಕ್ಕ ಆಟ ಇಳಿಸಿ ತುಂಬುವುದು ಕಾನೂನಿಗೆ ಹೊಂದುವ ಕೆಲಸವಲ್ಲ. ನಾನು ತುಂಬಿಲ್ಲ. 30 ಆಟವೇ ಮುಗಿದಿಲ್ಲ.

ಆನ್‌ಲೈನಿನಲ್ಲಿ ಇದೇ ಥರದ್ದು ತುಂಬಾ ಕಡಿಮೆಗೆ ಸಿಗುತ್ತಲ್ಲ?

ಅದು ಇದಲ್ಲ. "620 ಆಟ" ಅಂತ ಬರೆದ, ಇದನ್ನೇ ಹೋಲುವ ಡಬ್ಬಿಗಳು ಸಿಗುತ್ತವೆ. ಹಿಂದೆ ತಿರುಗಿಸಿ ನೋಡಿ. ಹಳದಿ, ಬಿಳಿ, ಕೆಂಪು ಮೂತಿಯ ಹಳೇ ಎವಿ ವೈರು ಇದ್ದರೆ ನಕಲಿ. ಅಸಲಿಯಲ್ಲಿ ಇರುವುದು ಎಚ್‌ಡಿಎಂಐ ಒಂದೇ. ಆಟ 30ಕ್ಕಿಂತ ಜಾಸ್ತಿ ಅಂತ ಬರೆದಿದ್ದರೂ ನಕಲಿ. ಇನ್ನು ಕೆಲವು ನಕಲಿಗಳು ಎಚ್‌ಡಿಎಂಐ ಹಾಕಿಕೊಂಡೇ ಬರುತ್ತವೆ, ಹಾಗಾಗಿ ಎರಡನ್ನೂ ನೋಡಿ.

ಗೆಳೆಯನೊಬ್ಬನ ಮನೆಯಲ್ಲಿ ಅಂಥದೊಂದು ಆಡಿದೆ. ಸಂಗೀತದ ಶ್ರುತಿ ತಪ್ಪಿದೆ, ಬಟನ್ ಒತ್ತಿದರೆ ಬೆಣ್ಣೆಯಲ್ಲಿ ಬೆರಳಿಟ್ಟ ಹಾಗೆ. ಆದರೆ ಟ್ಯಾಂಕ್ ಗೇಮ್ ಇತ್ತು. ಇಬ್ಬರೂ ಸೇರಿ ರಾತ್ರಿ ಹನ್ನೊಂದರವರೆಗೆ ಆಡಿದೆವು. ಹಾಗಾಗಿ ಅದನ್ನು ಪೂರ್ತಿ ಬಯ್ಯಲು ನನಗೆ ಬಾಯಿ ಬರುವುದಿಲ್ಲ.

ಅಸಲಿಗೆ ಎಷ್ಟು ಕೊಡಬಹುದು?

ಅಮೆರಿಕದಲ್ಲಿ ಇದರ ಬೆಲೆ ಇದ್ದದ್ದು 59.99 ಡಾಲರ್. ಬಂದಷ್ಟೂ ಖಾಲಿಯಾಗಿ, ದಲ್ಲಾಳಿಗಳು ಎರಡು ಮೂರು ಪಟ್ಟು ಹೇಳಿದರು. ಅಷ್ಟು ಬೇಡಿಕೆ ಇರುವಾಗಲೇ 2017ರ ಏಪ್ರಿಲ್‌ನಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಜನ ಬೈದರು. 2018ರ ಜೂನ್ 29ಕ್ಕೆ ಮತ್ತೆ ತಂದರು, ನಮ್ಮದು ಆ ಸುತ್ತಿನದ್ದು. ಈಗ ಸೆಕೆಂಡ್‌ಹ್ಯಾಂಡ್ ಮಾತ್ರ. ದುಪ್ಪಟ್ಟು ಕೊಟ್ಟು ಕೊಳ್ಳುವ ವಸ್ತು ಇದಲ್ಲ. ಅಲ್ಲಿರುವ ನೆಂಟರು ಯಾರಾದರೂ ಆಡಿ ಬಿಟ್ಟಿದ್ದರೆ ಕೇಳಿ ನೋಡಿ.

ಬೇರೆ ಕಂಪನಿಗಳ ಮಿನಿ ಹೇಗಿವೆ?

ನಿಂಟೆಂಡೊದ್ದೇ ಸೂಪರ್ ಎನ್‌ಇಎಸ್ ಕ್ಲಾಸಿಕ್ 2017ರ ಸೆಪ್ಟೆಂಬರ್‌ನಲ್ಲಿ ಬಂತು. 21 ಆಟ, ಎರಡು ಕಂಟ್ರೋಲರ್, ವೈರೂ ಉದ್ದ. ಬೈಗುಳ ಕೇಳಿಸಿಕೊಂಡಿದ್ದಾರೆ ಅಂತಾಯಿತು. ಅದುವರೆಗೆ ಎಲ್ಲೂ ಬಿಡುಗಡೆಯಾಗದ ಸ್ಟಾರ್ ಫಾಕ್ಸ್ 2 ಅದರಲ್ಲಿದೆ. ಸೋನಿಯ ಪ್ಲೇಸ್ಟೇಷನ್ ಕ್ಲಾಸಿಕ್ 2018ರ ಡಿಸೆಂಬರ್ 3ಕ್ಕೆ ಬಂತು, 20 ಆಟ. ಅದರಲ್ಲಿ ಒಂಬತ್ತು ಆಟ ಯುರೋಪಿನ 50 ಹರ್ಟ್ಸ್ ರೂಪದವು, ಅಂದರೆ ಓಟ ನಿಧಾನ. ಬೆಲೆ ಬೇಗ ಇಳಿಸಬೇಕಾಯಿತು. ಸೆಗಾದ ಮೆಗಾ ಡ್ರೈವ್ ಮಿನಿ 2019ರ ಸೆಪ್ಟೆಂಬರ್‌ನದ್ದು, 42 ಆಟ, ಒಳ್ಳೆಯ ಹೆಸರಿದೆ.

ಈಗಿನ ಮಕ್ಕಳಿಗೆ ಇಷ್ಟವಾಗುತ್ತಾ?

ಅಕ್ಕನ ಮಗನಿಗೆ ಆಗ ಒಂಬತ್ತು. ಮಾರಿಯೋದಲ್ಲಿ ಮೊದಲು ಎದುರಾಗುವ ಅಣಬೆ ಥರದ ರಾಕ್ಷಸನಿಗೇ ನಾಲ್ಕು ಸಲ ಬಲಿಯಾದ. "ಇದು ತುಂಬಾ ಕಷ್ಟ ಮಾಮ, ಈಝಿ ಮೋಡ್ ಎಲ್ಲಿದೆ?" ಅಂದ. ಇಲ್ಲ ಅಂದೆ. ಎದ್ದು ಹೋಗುತ್ತಾನೆ ಅಂದುಕೊಂಡೆ, ಹೋಗಲಿಲ್ಲ. ಅರ್ಧ ಗಂಟೆಯಲ್ಲಿ ಮೊದಲ ಲೋಕದ ಎರಡನೇ ಹಂತಕ್ಕೆ ಹೋಗಿದ್ದ. ಛಾವಣಿಯ ಮೇಲೆ ಓಡಿ ಮುಂದಿನ ಲೋಕಗಳಿಗೆ ಹಾರುವ ಗುಟ್ಟಿನ ಪೈಪುಗಳು ಅಲ್ಲೇ ಇವೆ. ಹೇಳಿಕೊಡಲಾ ಬೇಡವಾ ಅಂತ ನಾನು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಭಾವ ಹಿಂದಿನಿಂದ "ಮೇಲೆ ಹತ್ತೋ, ಮೇಲೆ ಹತ್ತು!" ಅಂತ ಕೂಗಿಬಿಟ್ಟರು.